ಪಡಸಾಲೆಗೆ ಬಂದ ಮೈದಾನ

ಕಲ್ಯಾಣದ ಚಾಳುಕ್ಯ ಅರಸ ಮೂರನೆಯ ಸೋಮೇಶ್ವರ ಸುಮಾರು 1129ರ ಹೊತ್ತಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಐದು ವಿಂಶತಿಗಳಿವೆ. ಅಂದರೆ ಇಪ್ಪತ್ತಿಪ್ಪತ್ತರ ಐದು ಕಟ್ಟು, ಒಟ್ಟು ನೂರು ಅಧ್ಯಾಯ. ಕೊನೆಯ ಎರಡು ಕಟ್ಟುಗಳು ಪೂರ್ತಿ ಮೋಜು ಮತ್ತು ಆಟಕ್ಕೆ ಮೀಸಲು. ವಿನೋದವಿಂಶತಿಯಲ್ಲಿ ಕುಸ್ತಿ, ಆನೆ ಓಡಿಸುವುದು, ಕುದುರೆಯ ಮೇಲೆ ಕೂತು ಚೆಂಡು ಹೊಡೆಯುವುದು, ಕೋಳಿ ಕಾಳಗ ಬಂದರೆ, ಕ್ರೀಡಾವಿಂಶತಿಯಲ್ಲಿ ಉಯ್ಯಾಲೆ, ನೀರಾಟ, ಮರಳಾಟ, ಬೆಳದಿಂಗಳಾಟ, ಕತ್ತಲಾಟ, ಪಗಡೆ, ಚದುರಂಗ, ಕವಡೆಗಳು ಬರುತ್ತವೆ. ರಾಜ್ಯಭಾರ, ಸೈನ್ಯ, ಔಷಧ, ಅಡುಗೆ, ಚಿತ್ರಕಲೆಗಳ ಬಗ್ಗೆ ಬರೆದ ಅದೇ ದನಿಯಲ್ಲಿ ಅರಸ ಇವುಗಳ ಬಗ್ಗೆಯೂ ಬರೆಯುತ್ತಾನೆ. ಜೂಜಿನ ವ್ಯಸನದ ಬಗ್ಗೆ ಎಚ್ಚರಿಸುವ ಗ್ರಂಥಗಳು ಬೇರೆ ಇವೆ. ಈ ಪುಸ್ತಕದ ಧಾಟಿ ಅದಲ್ಲ. ಅರಸನಾದವನಿಗೆ ಆಟ ಬೇಕು, ಅದನ್ನು ಸರಿಯಾಗಿ ಹೇಗೆ ಆಡಬೇಕು, ಅಥವಾ ಆಡಿಸಿ ನೋಡಬೇಕು ಎಂಬುದಷ್ಟೇ ಅಲ್ಲಿಯ ವಿಚಾರ.

ಈ ಪುಸ್ತಕ ನನ್ನ ಮೇಜಿನ ಮೇಲೆ ಇರಲು ಕಾರಣ ಪಿಎಚ್.ಡಿ. ಸೋಮೇಶ್ವರನ ಕಾಲದಲ್ಲಿ ನೊಳಂಬವಾಡಿ ಮೂವತ್ತೆರಡು ಸಾವಿರವನ್ನು ಚಾಳುಕ್ಯರ ಸಾಮಂತರಾಗಿ ಆಳುತ್ತಿದ್ದವರು ಉಚ್ಚಂಗಿಯ ಪಾಂಡ್ಯರು. ಅವರ ಶಾಸನಗಳಲ್ಲಿ ಆಟದ ಸುದ್ದಿ ಹೆಚ್ಚು ಸಿಗುವುದಿಲ್ಲ. ಯುದ್ಧ, ದಾನ, ಕೆರೆ, ದೇಗುಲ, ಇಷ್ಟೇ. ಹಾಗಾಗಿ ಒಡೆಯನ ಪುಸ್ತಕ ಓದಿ ಸಾಮಂತನ ಬದುಕನ್ನು ಊಹಿಸುವ ಕೆಲಸ ನನ್ನದು. ಹೀಗಿರುವಾಗ ಹಾಸ್ಟೆಲಿನ ಕಿರಿಯ ಗೆಳೆಯರು ಹಣ ಕೂಡಿಸಿ ಸೆಕೆಂಡ್ ಹ್ಯಾಂಡ್ ಮೋಷನ್ ಗೇಮ್ ಒಂದನ್ನು ಕೊಳ್ಳುವ ಲೆಕ್ಕಾಚಾರ ಹಾಕುತ್ತ, ಅದು ಆಡಲು ಯೋಗ್ಯವೇ ಎಂದು ನನ್ನನ್ನು ಕೇಳಿದರು. ಆಟದ ಚರಿತ್ರೆ ಓದುತ್ತಿರುವವಳಿಗೆ ಗೊತ್ತಿರಬೇಕು ಎಂಬ ತಮಾಷೆ ಆ ಪ್ರಶ್ನೆಯಲ್ಲಿತ್ತು. ನಾನು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ಗೊತ್ತಿಲ್ಲದವರಿಗಾಗಿ: ಸಾಮಾನ್ಯ ವಿಡಿಯೋ ಗೇಮಿನಲ್ಲಿ ಗುಂಡಿ ಒತ್ತಿದರೆ ಪರದೆಯ ಮೇಲಿನ ಮನುಷ್ಯ ಓಡುತ್ತಾನೆ. ಮೋಷನ್ ಗೇಮಿನಲ್ಲಿ ನೀವು ಕೈ ಬೀಸಿದರೆ ಅವನು ಬ್ಯಾಟು ಬೀಸುತ್ತಾನೆ, ನೀವು ಎಗರಿದರೆ ಅವನೂ ಎಗರುತ್ತಾನೆ. ಇದು ಹೊಸ ಕನಸೇನಲ್ಲ. ಅಮೆರಿಕದ ಮೈರನ್ ಕ್ರೂಗರ್ ಎಂಬ ಕಲಾವಿದ-ಎಂಜಿನಿಯರ್ 1970ರ ದಶಕದಲ್ಲೇ ಜನರ ನೆರಳನ್ನು ಪರದೆಯ ಮೇಲೆ ಮೂಡಿಸಿ, ಆ ನೆರಳು ಅಲ್ಲಿನ ಚಿತ್ರಗಳ ಜೊತೆ ಆಡುವಂತೆ ಮಾಡಿದ್ದ. 1989ರಲ್ಲಿ ಮ್ಯಾಟೆಲ್ ಕಂಪನಿ ‘ಪವರ್ ಗ್ಲೌ’ ಎಂಬ ಕೈಗವಸನ್ನು ಮಾರಿತು. ಜಾಹೀರಾತು ಜೋರಾಗಿತ್ತು, ಕೈಗವಸು ಸರಿಯಾಗಿ ಕೆಲಸ ಮಾಡದೆ ಬೇಗ ಮೂಲೆ ಸೇರಿತು. 1998ರಲ್ಲಿ ಜಪಾನಿನ ಕೊನಾಮಿ ಕಂಪನಿಯ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಬಂತು. ನೆಲದ ಮೇಲೆ ನಾಲ್ಕು ಬಾಣದ ಗುರುತು, ಹಾಡಿಗೆ ತಕ್ಕಂತೆ ತುಳಿಯಬೇಕು. ನಮ್ಮ ಕುಂಟೆಬಿಲ್ಲೆಗೆ ಲೈಟು, ಹಾಡು ಹಾಕಿದ ಹಾಗೆ. 2003ರಲ್ಲಿ ಸೋನಿಯ ‘ಐಟಾಯ್’ ಕ್ಯಾಮೆರಾ. ಆಮೇಲೆ 2006ರ ನವೆಂಬರಿನಲ್ಲಿ ನಿಂಟೆಂಡೊ ಕಂಪನಿಯ ‘ವೀ’.

ವೀ ಜಗತ್ತಿನಾದ್ಯಂತ ಹತ್ತು ಕೋಟಿಗೂ ಹೆಚ್ಚು ಮಾರಾಟವಾಯಿತು. ಜಪಾನಿನ ಹೊರಗೆ ಬಹುತೇಕ ಕಡೆ ಅದರ ಜೊತೆಗೇ ಕೊಟ್ಟ ‘ವೀ ಸ್ಪೋರ್ಟ್ಸ್’ ಡಿಸ್ಕಿನಲ್ಲಿ ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್ ಇದ್ದವು. ಟಿ.ವಿ. ರಿಮೋಟಿನಂಥ ಒಂದು ಕಡ್ಡಿ, ಮಣಿಕಟ್ಟಿಗೆ ಒಂದು ದಾರ. ಜನ ಎಷ್ಟು ಜೋರಾಗಿ ಬೀಸಿದರೆಂದರೆ ದಾರ ಹರಿದು ರಿಮೋಟು ಟಿ.ವಿ.ಗೆ ಬಡಿದ ಕತೆಗಳು ಬಂದವು. ಕೆಲವೇ ವಾರಗಳಲ್ಲಿ, 2006ರ ಡಿಸೆಂಬರಿನಲ್ಲಿ, ಕಂಪನಿ 32 ಲಕ್ಷ ದಾರಗಳನ್ನು ಬದಲಿಸಿಕೊಡಲು ಮುಂದಾಯಿತು. ಮರುವರ್ಷ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ಗೆ 29 ವರ್ಷದ ವೈದ್ಯರೊಬ್ಬರು ಪತ್ರ ಬರೆದು, ಗಂಟೆಗಟ್ಟಲೆ ವೀ ಟೆನಿಸ್ ಆಡಿ ಭುಜದ ಸ್ನಾಯು ನೋಯಿಸಿಕೊಂಡದ್ದನ್ನು ವರದಿ ಮಾಡಿದರು. ಚಿಕಿತ್ಸೆ: ನೋವಿನ ಮಾತ್ರೆ, ಒಂದು ವಾರ ಆಟ ಬಂದ್. 2010ರ ನವೆಂಬರಿನಲ್ಲಿ ಮೈಕ್ರೋಸಾಫ್ಟಿನ ‘ಕಿನೆಕ್ಟ್’ ಬಂದಾಗ ಕೈಯಲ್ಲಿ ಹಿಡಿಯುವ ಕಡ್ಡಿಯೂ ಬೇಡವಾಯಿತು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಅದು ಗಿನ್ನೆಸ್ ದಾಖಲೆ ಸೇರಿತು. ಏಳೇ ವರ್ಷಕ್ಕೆ, 2017ರಲ್ಲಿ, ಅದರ ತಯಾರಿಕೆ ನಿಂತೂ ಹೋಯಿತು. ಇಷ್ಟು ಬೇಗ ಏರಿ ಇಷ್ಟು ಬೇಗ ಇಳಿದದ್ದು ಯಾಕೆ ಎಂದು ಹುಡುಕಿದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ಇವು ಕೆಲಸ ಮಾಡುವ ಬಗೆ ನೋಡಿ. ವೀ ರಿಮೋಟಿನೊಳಗೆ ವೇಗದ ಏರಿಳಿತವನ್ನು ಅಳೆಯುವ ಸಣ್ಣದೊಂದು ಚಿಪ್ ಇದೆ. ತುದಿಯಲ್ಲಿ ಇನ್‌ಫ್ರಾರೆಡ್ ಬೆಳಕನ್ನು ಮಾತ್ರ ಕಾಣುವ ಪುಟ್ಟ ಕ್ಯಾಮೆರಾ ಇದೆ. ಟಿ.ವಿ.ಯ ಮೇಲೋ ಕೆಳಗೋ ಇಡುವ ಪಟ್ಟಿಗೆ ‘ಸೆನ್ಸರ್ ಬಾರ್’ ಎಂದು ಹೆಸರು. ಆದರೆ ಅದು ಏನನ್ನೂ ಸೆನ್ಸ್ ಮಾಡುವುದಿಲ್ಲ. ಅದರ ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಬೆಳಕಿನ ಗುಂಪು ಉರಿಯುತ್ತಿರುತ್ತದೆ ಅಷ್ಟೆ. ರಿಮೋಟು ಆ ಎರಡು ಬೆಳಕನ್ನು ನೋಡಿ ತಾನು ಎತ್ತ ಮುಖ ಮಾಡಿದ್ದೇನೆಂದು ಲೆಕ್ಕ ಹಾಕುತ್ತದೆ. ಪಟ್ಟಿ ಕೆಟ್ಟರೆ ಅದರ ಜಾಗದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟರೂ ನಡೆಯುತ್ತದೆ. ದೇವರ ಮುಂದೆ ಎರಡು ದೀಪ ಇಟ್ಟ ಹಾಗೆ ಟಿ.ವಿ.ಯ ಎರಡು ಪಕ್ಕ ದೀಪ ಇಟ್ಟು ಆಡಿದವರಿದ್ದಾರೆ.

ಆ ಚಿಪ್ಪಿಗೆ ಗೊತ್ತಾಗುವುದು ಕೈಯ ವೇಗ ಎಷ್ಟು ಬೇಗ ಬದಲಾಯಿತು ಎಂಬುದು ಮಾತ್ರ. ಆ ಬೀಸು ಹೆಗಲಿನಿಂದ ಬಂತೋ, ಸೊಂಟದಿಂದ ಬಂತೋ, ಬರೀ ಮಣಿಕಟ್ಟಿನಿಂದ ಬಂತೋ ಅದಕ್ಕೆ ತಿಳಿಯದು. ಅದಕ್ಕೇ ವೀ ಟೆನಿಸ್ಸನ್ನು ಸೋಫಾದ ಮೇಲೆ ಒರಗಿ, ಮಣಿಕಟ್ಟನ್ನು ಸ್ವಲ್ಪ ಕೊಡವಿ ಗೆಲ್ಲಬಹುದು. ಒಂದು ವಾರದೊಳಗೆ ಎಲ್ಲರೂ ಇದನ್ನು ಕಂಡುಕೊಳ್ಳುತ್ತಾರೆ. ಮೊದಲ ದಿನ ಹೆಗಲು ತಿರುಗಿಸಿ ಆಡಿದವನು ಎಂಟನೇ ದಿನ ನೊಣ ಓಡಿಸುವವನಂತೆ ಆಡುತ್ತಾನೆ. ಆಟಗಾರ ಸೋಮಾರಿ ಎಂದು ಇದಕ್ಕೆ ಬೈಯುವುದು ಸುಲಭ. ಯಂತ್ರ ಕೇಳಿದಷ್ಟನ್ನೇ ಮೈ ಕೊಡುತ್ತದೆ, ಅಷ್ಟೆ.

ಕೇಳುವ ವಸ್ತು ಬೇರೆಯಾದರೆ ಮೈ ಬೇರೆಯೇ ಆಗುತ್ತದೆ. ಮಾನಸೋಲ್ಲಾಸದ ಮಲ್ಲವಿನೋದದ ಅಧ್ಯಾಯದಲ್ಲಿ ಜಟ್ಟಿಗಳ ಅಭ್ಯಾಸದ ಬಗೆಗಳನ್ನು ಹೇಳಿದೆ: ಭಾರ ಎತ್ತುವ ಶ್ರಮ, ನಡೆದಾಡುವ ಶ್ರಮ, ನೀರಲ್ಲಿ ಈಜುವ ಶ್ರಮ, ತೋಳಿಗೆ ತೋಳು ಕೊಡುವ ಶ್ರಮ, ಕಂಬದ ಶ್ರಮ. ಕಂಬದ್ದು ಇಂದಿನ ಮಲ್ಲಕಂಬದ ಹಿರಿಯಜ್ಜ. ಪಟ್ಟಿಯನ್ನು ಮತ್ತೊಮ್ಮೆ ಓದಿ. ಕಲ್ಲು, ನೆಲ, ನೀರು, ಇನ್ನೊಬ್ಬನ ತೋಳು, ಮರ. ಪ್ರತಿಯೊಂದೂ ತಿರುಗಿ ತಳ್ಳುತ್ತದೆ. ದಾವಣಗೆರೆ, ಹರಪನಹಳ್ಳಿ ಕಡೆಯ ಜಾತ್ರೆಗಳಲ್ಲಿ ಈಗಲೂ ಜಂಗಿ ಕುಸ್ತಿ ನಡೆಯುತ್ತದೆ, ಉತ್ತರ ಕರ್ನಾಟಕದ ಊರುಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆಗಳಿವೆ. ಸಂಗ್ರಾಣಿ ಕಲ್ಲಿನ ಮುಂದೆ ಮಣಿಕಟ್ಟು ಕೊಡವಿ ಮೋಸ ಮಾಡಲಾಗದು. ಕಲ್ಲು ಏಳುತ್ತದೆ, ಇಲ್ಲವೇ ಏಳುವುದಿಲ್ಲ. ಮೋಷನ್ ಗೇಮಿನಲ್ಲಿ ಚೆಂಡಿಗೆ ತೂಕವಿಲ್ಲ, ಎದುರಾಳಿಯ ಗುದ್ದು ನಿಮಗೆ ತಾಗುವುದಿಲ್ಲ. ಹೆಚ್ಚೆಂದರೆ ರಿಮೋಟು ಕೈಯಲ್ಲಿ ಗುಂಯ್‌ಗುಡುತ್ತದೆ. ಕುಣಿತಕ್ಕಂತೂ ಈ ಕೊರತೆಯೇ ಇಲ್ಲ, ಕುಣಿಯುವವಳಿಗೆ ಎದುರಾಗುವುದು ನೆಲ ಮತ್ತು ತಾಳ. ಅವೆರಡೂ ಅಲ್ಲಿ ನಿಜವಾಗಿಯೇ ಇವೆ. ಮೋಷನ್ ಗೇಮುಗಳಲ್ಲಿ ಕುಣಿತದವೇ ಹೆಚ್ಚು ಕಾಲ ಬಾಳಿದ್ದು ಇದರಿಂದ ಎಂದು ನನ್ನ ಊಹೆ. ಈಚಿನ ‘ಬೀಟ್ ಸೇಬರ್’ ಕೂಡ, ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಹಾಡಿನ ತಾಳಕ್ಕೆ ಡಬ್ಬಿಗಳನ್ನು ಕತ್ತರಿಸುವ ಆಟ, ಮೂಲದಲ್ಲಿ ಕುಣಿತವೇ.

ವ್ಯಾಯಾಮಕ್ಕೆಂದು ಕೊಳ್ಳುವವರಿಗೆ ಸಂಶೋಧನೆ ಏನು ಹೇಳುತ್ತದೆಂದು ಬೇಗ ಹೇಳಿ ಮುಗಿಸುತ್ತೇನೆ. 2007ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ಲಿವರ್‌ಪೂಲಿನ ಅಧ್ಯಯನವೊಂದು 11 ಮಂದಿ ಹದಿಹರೆಯದವರನ್ನು ನೋಡಿ, ಕೂತು ಆಡುವ ಆಟಕ್ಕಿಂತ ವೀ ಆಟದಲ್ಲಿ ಶಕ್ತಿ ಹೆಚ್ಚು ಖರ್ಚಾಗುತ್ತದೆ, ಆದರೆ ಅಸಲಿ ಟೆನಿಸ್ ಬಾಕ್ಸಿಂಗಿನಷ್ಟು ಅಲ್ಲ ಎಂದಿತು. 2012ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯ ಅಧ್ಯಯನ 78 ಮಕ್ಕಳ ಮನೆಗೆ ವೀ ಕೊಟ್ಟು, ಅರ್ಧ ಜನಕ್ಕೆ ಮೈ ಆಡಿಸುವ ಆಟ, ಉಳಿದರ್ಧಕ್ಕೆ ಕೂತಾಡುವ ಆಟ ಕೊಟ್ಟು ಮೂರು ತಿಂಗಳ ಕಾಲ ಗಮನಿಸಿತು. ಇಬ್ಬರ ಒಟ್ಟು ಓಡಾಟದಲ್ಲಿ ವ್ಯತ್ಯಾಸವೇ ಇರಲಿಲ್ಲ. ನನಗೆ ಇಷ್ಟವಾದದ್ದು ಮೂರನೆಯದು, 2016ರದ್ದು, ‘ಲ್ಯಾನ್ಸೆಟ್ ನ್ಯೂರಾಲಜಿ’ಯಲ್ಲಿ ಬಂದದ್ದು. ಪಾರ್ಶ್ವವಾಯು ಹೊಡೆದ 141 ಜನರಲ್ಲಿ ಕೆಲವರಿಗೆ ವೀ ಆಡಿಸಿದರು, ಉಳಿದವರಿಗೆ ಇಸ್ಪೀಟು, ಬಿಂಗೊ, ಮರದ ತುಂಡು ಜೋಡಿಸುವ ಆಟ, ಚೆಂಡಾಟ. ಕೈಯ ಚಲನೆ ಎರಡೂ ಗುಂಪಿನಲ್ಲಿ ಸುಧಾರಿಸಿತು; ಸುಧಾರಣೆಯಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಚೌಕಾಬಾರಾದ ಕವಡೆ ಕೈಯಲ್ಲಿ ಕುಲುಕಿ ಎಸೆಯುವ ಅಜ್ಜಿಯರನ್ನು ನೋಡಿ ಬೆಳೆದ ನನಗೆ ಈ ಫಲಿತಾಂಶ ಆಶ್ಚರ್ಯ ತರಲಿಲ್ಲ.

ಹಾಗಾದರೆ ಉತ್ತರ ಮುಗಿಯಿತೇ? ಗರಡಿಗೆ ಹೋಗಿ, ಕಲ್ಲೆತ್ತಿ, ಕಬಡ್ಡಿ ಆಡಿ, ಹಳೆಯ ಆಟಗಳೇ ಒಳ್ಳೆಯವು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಅಂಥ ಲೇಖನಗಳು ಕನ್ನಡದಲ್ಲಿ ಬೇಕಾದಷ್ಟಿವೆ, ಹೆಚ್ಚಿನವನ್ನು ಗಂಡಸರು ಬರೆದಿದ್ದಾರೆ. ಅವುಗಳಲ್ಲಿ ಲಗೋರಿ, ಚಿಣ್ಣಿದಾಂಡು, ಬುಗುರಿ ಬರುತ್ತವೆ, ಕೆರೆಯ ಈಜು ಬರುತ್ತದೆ, ಸಂಜೆ ಕತ್ತಲಾದ ಮೇಲೆ ಮನೆ ಸೇರಿ ಬೈಗುಳ ತಿಂದದ್ದು ಬರುತ್ತದೆ. ಓದಲು ಚೆನ್ನಾಗಿರುತ್ತವೆ. ಅಕ್ಕತಂಗಿಯರು ಆ ಹೊತ್ತಿಗೆ ಎಲ್ಲಿದ್ದರು ಎಂಬ ವಿಷಯ ಬರುವುದಿಲ್ಲ.

ಇಲ್ಲಿ ಚರಿತ್ರೆಯ ವಿದ್ಯಾರ್ಥಿಯ ಒಂದು ತೊಡಕನ್ನು ಹೇಳಬೇಕು. ಆಟಗಳ ಚರಿತ್ರೆ ಎಂದು ನಮಗೆ ಸಿಗುವುದು ಬಹುಪಾಲು ಮಣೆಯಾಟಗಳ ಚರಿತ್ರೆ. ಹಂಪಿಯ ಬಂಡೆಗಳ ಮೇಲೆ, ಮಂಟಪಗಳ ನೆಲದಲ್ಲಿ ಕೊರೆದ ಆಟದ ಮನೆಗಳು ಇನ್ನೂ ಇವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ಮಣೆಯಾಟಗಳು ಚಿತ್ರಗಳಲ್ಲಿ, ಬಟ್ಟೆಯ ಮೇಲೆ ಉಳಿದಿವೆ. ಮೈಯಾಟ ಹಾಗೆ ಉಳಿಯುವುದಿಲ್ಲ. ಓಡಿದವಳ ಹೆಜ್ಜೆಗೆ ಶಾಸನವಿಲ್ಲ. ಉಳಿದಲ್ಲೆಲ್ಲ ಅದು ಆಡಿದವರ ಮಾತಾಗಿ ಉಳಿದಿಲ್ಲ, ನೋಡಿದವರ ಮಾತಾಗಿ ಉಳಿದಿದೆ. ಮಾನಸೋಲ್ಲಾಸದ ವಿನೋದಗಳನ್ನೇ ತೆಗೆದುಕೊಳ್ಳಿ. ಮಲ್ಲವಿನೋದದಲ್ಲಿ ಮಣ್ಣಾಗುವುದು ಜಟ್ಟಿಯ ಮೈ, ವಿನೋದ ಅರಸನದು. ಅಂಕವಿನೋದದಲ್ಲಿ ಅಂಕಕಾರರು ಆಯುಧ ಹಿಡಿದು ಒಬ್ಬರನ್ನೊಬ್ಬರು ಕಡಿಯುತ್ತಾರೆ, ಸಾಯಲೂಬಹುದು. ಅದೂ ಅರಸನಿಗೆ ವಿನೋದ. ಕರಾವಳಿಯಲ್ಲಿ ‘ಕೋಳಿ ಅಂಕ’ ಎನ್ನುವಾಗ ನಾವು ಅದೇ ಪದವನ್ನು ಬಳಸುತ್ತಿದ್ದೇವೆ, ಮನುಷ್ಯರ ಜಾಗಕ್ಕೆ ಕೋಳಿ ಬಂದಿದೆ. ನೀರಾಟ, ಉಯ್ಯಾಲೆಗಳಲ್ಲಿ ಹೆಂಗಸರೇನೋ ಇದ್ದಾರೆ. ಆದರೆ ಆಟ ಅರಸನದು, ಅವರು ಆಟದ ಒಂದು ಭಾಗ.

ನಮ್ಮ ಉಚ್ಚಂಗಿದುರ್ಗಕ್ಕೆ ಬರುತ್ತೇನೆ. ಕದಂಬರ ಕಾಲದಲ್ಲಿ ಉಚ್ಚಶೃಂಗಿ ಎನಿಸಿಕೊಂಡ ಬೆಟ್ಟ. ಗಂಗರು, ಚಾಳುಕ್ಯರು, ಹೊಯ್ಸಳರು ಎಲ್ಲರೂ ಕಣ್ಣು ಹಾಕಿದ ಕೋಟೆ. ಹೊಯ್ಸಳ ಇಮ್ಮಡಿ ಬಲ್ಲಾಳ ಪಾಂಡ್ಯರಿಂದ ಇದನ್ನು ಗೆದ್ದು ‘ಗಿರಿದುರ್ಗಮಲ್ಲ’ ಎಂದು ಬಿರುದು ಹಾಕಿಕೊಂಡ. ಬೆಟ್ಟದ ಕೋಟೆಯ ಜಟ್ಟಿ ಎಂದರ್ಥ, ಯುದ್ಧವೂ ಕುಸ್ತಿಯ ಭಾಷೆಯಲ್ಲೇ. ಊರು ಕದಲಿಲ್ಲ, ಅದರ ಜಿಲ್ಲೆ ಮಾತ್ರ ಬದಲಾಗುತ್ತಾ ಹೋಯಿತು: ಹರಪನಹಳ್ಳಿ ತಾಲ್ಲೂಕಿನ ಜೊತೆ ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ, ಆಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ. ಇಂದು ಬೆಟ್ಟ ಹತ್ತುವವರು ಕೋಟೆ ನೋಡಲು ಬರುವುದಕ್ಕಿಂತ ಉಚ್ಚಂಗಮ್ಮನನ್ನು ನೋಡಲು ಬರುವುದೇ ಹೆಚ್ಚು. ಯುಗಾದಿಗೆ, ಭರತ ಹುಣ್ಣಿಮೆಗೆ ಸಾವಿರಾರು ಜನ ಮೆಟ್ಟಿಲು ಹತ್ತುತ್ತಾರೆ. ಚಿಕ್ಕ ಹುಡುಗಿಯರು ದೊಡ್ಡವರಿಗಿಂತ ಮೊದಲೇ ಮೇಲೆ ಮುಟ್ಟಿ, ಮತ್ತೆ ಅರ್ಧ ಇಳಿದು ಬಂದು ‘ಇನ್ನೂ ಇಲ್ಲೇ ಅದೀರೇನು’ ಎಂದು ಅಣಕಿಸಿ ಮತ್ತೆ ಹತ್ತುತ್ತಾರೆ. ಅರಸನ ಪುಸ್ತಕದ ಕ್ರೀಡೆಗಳಲ್ಲಿ ಮೊದಲು ಬರುವ ‘ಭೂಧರಕ್ರೀಡೆ’, ಬೆಟ್ಟದಾಟ, ಇದಲ್ಲವೆಂದು ಗೊತ್ತು. ನನಗೆ ಆ ಪದ ಕಂಡಾಗಲೆಲ್ಲ ಈ ಹುಡುಗಿಯರೇ ನೆನಪಾಗುತ್ತಾರೆ.

ಅದೇ ಭರತ ಹುಣ್ಣಿಮೆಯ ಹೊತ್ತಿಗೆ ಬೆಟ್ಟದಲ್ಲಿ ಅಧಿಕಾರಿಗಳು, ಪೊಲೀಸರು ಕಾವಲಿರುತ್ತಾರೆ. ಹುಡುಗಿಯರಿಗೆ ಮುತ್ತು ಕಟ್ಟುವುದನ್ನು ತಡೆಯಲು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲೇ ಮಾಡಿತ್ತು. ಇಷ್ಟು ವರ್ಷಗಳ ಮೇಲೂ ಕಾವಲು ಬೇಕಾಗಿದೆ ಎಂಬುದೇ ಎಲ್ಲವನ್ನೂ ಹೇಳುತ್ತದೆ. ಹೆಣ್ಣಿನ ಮೈ ಕುಣಿದರೆ ಅದು ಯಾರಿಗಾಗಿಯೋ ಕುಣಿಯಬೇಕು, ಯಾರೋ ನೋಡಬೇಕು, ಯಾರೋ ಬೆಲೆ ಕಟ್ಟಬೇಕು ಎಂಬ ಏರ್ಪಾಡು ಈ ಸೀಮೆಯಲ್ಲಿ ಎಷ್ಟು ಆಳವಾಗಿತ್ತೆಂದು ತಿಳಿಯಲು ಶಾಸನ ಓದಬೇಕಿಲ್ಲ. ಮುತ್ತು ಕಟ್ಟದ ಮನೆಗಳಲ್ಲಿ ಅದೇ ಏರ್ಪಾಡು ಇನ್ನೊಂದು ರೂಪದಲ್ಲಿದೆ: ಹುಡುಗಿ ದೊಡ್ಡವಳಾದ ಮೇಲೆ ಓಡಬಾರದು, ಎಗರಬಾರದು, ಜೋರಾಗಿ ನಗಬಾರದು. ನೋಡುವ ಕಣ್ಣುಗಳಿವೆಯಲ್ಲ, ಅದಕ್ಕೆ. ಶಾಲೆಯಲ್ಲಿ ಖೋ-ಖೋ ತಂಡಕ್ಕೆ ನಾಯಕಿಯಾಗಿದ್ದವಳು ಹತ್ತನೇ ತರಗತಿಯ ಬೇಸಿಗೆಯ ನಂತರ ಜೀವನದಲ್ಲಿ ಮತ್ತೆ ಓಡುವುದಿಲ್ಲ. ಬಸ್ಸು ಹಿಡಿಯಲು ಕೂಡ ಬಿರಬಿರನೆ ನಡೆಯುತ್ತಾಳೆ. ಅವಳಿಗೆ ಉಳಿಯುವುದು ಪಡಸಾಲೆಯಲ್ಲಿ ಕೂತು ಆಡುವ ಅಳಗುಳಿಮಣೆ, ಚೌಕಾಬಾರಾ, ಕಲ್ಲಾಟ. ಈಗ ಮೊಬೈಲಿನ ಲೂಡೊ. ಹೊರಗಿನ ಆಟ ಗಂಡಿನದು, ಕೂತಾಟ ಹೆಣ್ಣಿನದು ಎಂಬ ಹಂಚಿಕೆಯನ್ನು ಜಾನಪದ ಆಟಗಳ ಪಟ್ಟಿಗಳಲ್ಲಿ ‘ಗಂಡುಮಕ್ಕಳ ಆಟಗಳು’, ‘ಹೆಣ್ಣುಮಕ್ಕಳ ಆಟಗಳು’ ಎಂದು ಸಹಜವೆಂಬಂತೆ ಕೊಟ್ಟಿರುತ್ತಾರೆ. ನನಗೆ ಅದು ಸ್ವಭಾವದ ಹಂಚಿಕೆಯಾಗಿ ಕಾಣುವುದಿಲ್ಲ. ಜಾಗದ ಹಂಚಿಕೆ ಅದು.

ಮೋಷನ್ ಗೇಮ್ ಈ ಹಂಚಿಕೆಯೊಳಗೆ ಬಂದು ಬಿದ್ದಾಗ ಏನಾಗುತ್ತದೆಂಬುದನ್ನು ನಾನು ಹಾಸ್ಟೆಲಿನಲ್ಲಿ ನೋಡಿದೆ. ಗೆಳೆಯರು ಕೊನೆಗೂ ಒಂದು ಹಳೆಯ ವೀ ತಂದರು. (ನಾನು ನೋಡಿದ ವೀಗಳೆಲ್ಲ ವಿದೇಶದಿಂದ ಮರಳಿದವರ ಸೂಟ್‌ಕೇಸಿನಲ್ಲಿ ಬಂದವೇ; ಇದೂ ಹಾಗೆಯೇ.) ಹುಡುಗರು ಒಂದು ವಾರ ಟೆನಿಸ್ ಆಡಿದರು, ಮಣಿಕಟ್ಟಿನ ಗುಟ್ಟು ಕಂಡುಕೊಂಡರು, ಬೇಸರಗೊಂಡು ಮೈದಾನಕ್ಕೆ ಮರಳಿದರು. ಅವರಿಗೆ ಮೈದಾನ ಇತ್ತು. ಆಮೇಲೆ ಮಧ್ಯಾಹ್ನದ ಊಟದ ಕೆಲಸ ಮುಗಿಸಿದ ಮೆಸ್ಸಿನ ಅಡುಗೆಯ ಹೆಂಗಸರು ಟಿ.ವಿ. ಕೋಣೆಯಲ್ಲಿ ಬೌಲಿಂಗ್ ಆಡತೊಡಗಿದರು. ಬಾಗಿಲು ಮುಂದೆ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಐವತ್ತು ದಾಟಿದ ಒಬ್ಬರು ಪ್ರತಿ ಎಸೆತಕ್ಕೂ ಎರಡು ಹೆಜ್ಜೆ ಓಡಿ ಬಂದು, ಮೊಣಕಾಲು ಬಗ್ಗಿಸಿ, ತೋಳನ್ನು ಪೂರ್ತಿ ಹಿಂದಕ್ಕೆ ಒಯ್ದು ಬೀಸುತ್ತಿದ್ದರು. ಮಣಿಕಟ್ಟು ಕೊಡವಿದರೆ ಸಾಕು ಎಂದು ನಾನು ತೋರಿಸಿಕೊಟ್ಟೆ. ಅವರು ಒಮ್ಮೆ ಹಾಗೆ ಮಾಡಿ ನೋಡಿದರು, ಹತ್ತೂ ಗೂಟ ಬಿದ್ದವು, ‘ಹಿಂಗಾದ್ರೆ ಏನು ಮಜಾ’ ಎಂದು ಮತ್ತೆ ಓಡಿಬಂದು ಬೀಸಿದರು. ಅವರಿಗೆ ಬೇಕಾಗಿದ್ದದ್ದು ಅಂಕ ಆಗಿರಲಿಲ್ಲ.

ಚಿಪ್ಪಿಗೆ ಹೆಗಲು ಕಾಣುವುದಿಲ್ಲ ಎಂದು ಮೇಲೆ ಯಾವುದನ್ನು ದೋಷವಾಗಿ ಎಣಿಸಿದೆನೋ, ಅದೇ ಇಲ್ಲಿ ಸೌಲಭ್ಯವೂ ಆಯಿತು. ಯಂತ್ರ ಕೇಳುವುದು ಸ್ವಲ್ಪ, ಆದ್ದರಿಂದ ಎಂದೂ ಚೆಂಡು ಹಿಡಿಯದವರೂ ಮೊದಲ ದಿನವೇ ಆಡಬಹುದು. ಉಳಿದದ್ದನ್ನು ಆಡುವವರು ತಾವೇ ತುಂಬಿಕೊಳ್ಳಬಹುದು. ಪಶ್ಚಿಮದ ದೇಶಗಳಲ್ಲಿ ವೃದ್ಧಾಶ್ರಮಗಳು ವೀ ಬೌಲಿಂಗ್ ಪಂದ್ಯ ನಡೆಸಿದ್ದು ಇದೇ ಕಾರಣಕ್ಕೆ. ಗೇಮ್ ಆಡುವುದರಲ್ಲಿ ಪಳಗಿದವರು ಈ ಆಟಗಳನ್ನು ಹೀಗಳೆದರು: ನಿಖರತೆ ಇಲ್ಲ, ಆಳ ಇಲ್ಲ, ನೆಂಟರು ಬಂದಾಗ ಆಡುವ ಆಟ ಎಂದರು. ನಿಜ. ನೆಂಟರು ಬಂದಾಗ ಆಡುವ ಆಟವನ್ನು ಕೀಳಾಗಿ ಕಾಣಲು ನನಗೆ ಕಾರಣ ಕಾಣುವುದಿಲ್ಲ. ಚೌಕಾಬಾರಾವೂ ಅಂಥದ್ದೇ.

ಕಿನೆಕ್ಟ್ ಬಗ್ಗೆ ನನಗೆ ಇಷ್ಟು ಧಾರಾಳತನ ಇಲ್ಲ. ಅದು ಎದುರಿನ ಕೋಣೆಗೆಲ್ಲ ಇನ್‌ಫ್ರಾರೆಡ್ ಚುಕ್ಕಿಗಳನ್ನು ಎರಚಿ, ಅವು ಬೀಳುವ ಬಗೆಯಿಂದ ಆಳವನ್ನು ಅಳೆದು, ಯಾವುದು ಕೈ, ಯಾವುದು ಮೊಣಕಾಲು ಎಂದು ಗುರುತಿಸುತ್ತದೆ. ತಾಂತ್ರಿಕವಾಗಿ ವೀಗಿಂತ ಎಷ್ಟೋ ಮೇಲು, ಅದಕ್ಕೆ ಹೆಗಲು ಕಾಣುತ್ತದೆ. ಆದರೆ ಒಬ್ಬರು ಆಡಲು ಕ್ಯಾಮೆರಾದಿಂದ ಸುಮಾರು ಆರು ಅಡಿ, ಇಬ್ಬರಿಗೆ ಎಂಟು ಅಡಿ ಖಾಲಿ ಜಾಗ ಬೇಕು. ಅಮೆರಿಕದ ಉಪನಗರದ ಹಾಲ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಳತೆ. ನಮ್ಮ ಪಡಸಾಲೆಯಲ್ಲಿ ಅಷ್ಟು ಜಾಗ ಇರುತ್ತದೆ, ಜೋಳದ ಚೀಲ, ಮಂಚ, ಬೈಕು ಇರದಿದ್ದರೆ. ಜಾಗದ ಮಾತು ಬಿಡಿ, ಅದರ ಕೆಲವು ಆಟಗಳು ನೀವು ಎಗರುವಾಗ ನಿಮ್ಮ ಫೋಟೊ ತೆಗೆದು ಕೊನೆಯಲ್ಲಿ ತೋರಿಸುತ್ತವೆ. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಎಕ್ಸ್‌ಬಾಕ್ಸ್ ಕಿನೆಕ್ಟ್ ಜೋಡಿಸದೆ ನಡೆಯುವುದೇ ಇಲ್ಲ ಎಂದು ಘೋಷಿಸಿದಾಗ, ಮನೆಯೊಳಗೆ ಸದಾ ತೆರೆದ ಕಣ್ಣೊಂದು ಬೇಡವೆಂದು ಜನ ಗಲಾಟೆ ಮಾಡಿದರು. ಕಂಪನಿ ಹಿಂದೆ ಸರಿಯಿತು, 2014ರ ಜೂನಿನಿಂದ ಕಿನೆಕ್ಟ್ ಇಲ್ಲದ ಯಂತ್ರವನ್ನೂ ಮಾರಿತು. ನೋಡುವ ಕಣ್ಣುಗಳಿಂದ ತಪ್ಪಿಸಿಕೊಂಡು ಬಾಗಿಲು ಮುಂದೆ ಮಾಡಿ ಆಡುವವರಿಗೆ ಕೋಣೆಯೊಳಗೇ ಒಂದು ಕಣ್ಣನ್ನು ತಂದಿಡುವುದು ನನಗೆ ಸರಿ ಕಾಣುವುದಿಲ್ಲ. ಕುರುಡು ಚಿಪ್ಪಿನ ವೀ ಆ ಮಟ್ಟಿಗೆ ಸಭ್ಯ ಯಂತ್ರ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಚುಚ್ಚುತ್ತಲೇ ಇರುತ್ತದೆ. ಬಾಗಿಲು ಮುಂದೆ ಮಾಡಿ ಆಡುವ ಅನುಕೂಲ ಮಾಡಿಕೊಟ್ಟರೆ, ಬಾಗಿಲು ಮುಂದೆ ಮಾಡಬೇಕಾದ ಸ್ಥಿತಿಯನ್ನು ಒಪ್ಪಿಕೊಂಡ ಹಾಗಾಗುವುದಿಲ್ಲವೇ? ನನ್ನ ಗೆಳತಿಯೊಬ್ಬಳು, ದೈಹಿಕ ಶಿಕ್ಷಣದಲ್ಲಿ ಸಂಶೋಧನೆ ಮಾಡುತ್ತಿರುವವಳು, ಇದನ್ನೇ ಕೇಳಿದಳು. ಹಳ್ಳಿಯ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಮೈದಾನದ ಅರ್ಧ ಗಂಟೆಯನ್ನು ಉಳಿಸಿಕೊಡಲು ಹೋರಾಡುವವರ ಮುಂದೆ ನೀನು ಟಿ.ವಿ. ಕೋಣೆಯ ಬೌಲಿಂಗ್ ಹೊಗಳುತ್ತೀಯಲ್ಲ ಎಂದಳು. ಅವಳ ಮಾತಿನಲ್ಲಿ ತೂಕವಿದೆ. ಅದೂ ಅಲ್ಲದೆ ಮೈದಾನ ಇಲ್ಲದ ಮನೆಯಲ್ಲೇ ಇಂಥ ಯಂತ್ರ ಕೊಳ್ಳುವ ದುಡ್ಡೂ ಇರುವುದಿಲ್ಲ. ಇದ್ದರೂ ಅದರ ರಿಮೋಟು ಮೊದಲು ಮಗನ ಕೈಗೇ ಹೋಗುತ್ತದೆ. ನಮ್ಮ ಹಾಸ್ಟೆಲಿನಲ್ಲೂ ಹುಡುಗರಿಗೆ ಬೇಸರ ಬಂದ ಮೇಲೆಯೇ ಅದು ಹೆಂಗಸರಿಗೆ ಸಿಕ್ಕಿದ್ದು.

ಆದರೂ ಐವತ್ತು ದಾಟಿದ ಆ ಹೆಂಗಸಿಗೆ ಹೈಸ್ಕೂಲಿನ ಮೈದಾನ ಮರಳಿ ಬರುವುದಿಲ್ಲ. ಮೈದಾನದ ಹೋರಾಟ ನಡೆಯುವ ತನಕ ಅವರು ಕೂತೇ ಇರಲಿ ಎನ್ನಲು ನನಗೆ ಮನಸ್ಸಾಗದು. ಗೆಳತಿಗೆ ಇಷ್ಟೇ ಹೇಳಿದೆ. ಅವಳು ಒಪ್ಪಲಿಲ್ಲ, ಸದ್ಯಕ್ಕೆ ಅಲ್ಲಿಗೇ ನಿಂತಿದೆ.

ಹಾಗಾಗಿ ಕೇಳಿದವರಿಗೆ ನನ್ನ ಉತ್ತರ ಆಡುವವರ ಮೇಲೆ ಬದಲಾಗುತ್ತದೆ. ಸಂಜೆ ಕಬಡ್ಡಿ, ಕ್ರಿಕೆಟ್ಟಿಗೆ ಜಾಗ ಇರುವ ಹುಡುಗನಿಗೆ ಇದು ದಂಡ. ಒಂದು ವಾರದ ಮೋಜಿಗೆ ಅಷ್ಟು ದುಡ್ಡು ಹಾಕಬೇಡಿ. ತೂಕ ಇಳಿಸಲು ಕೊಳ್ಳುವವರು ಬೆಟ್ಟ ಹತ್ತಲಿ, ಉಚ್ಚಂಗಿದುರ್ಗಕ್ಕೆ ಹರಪನಹಳ್ಳಿಯಿಂದಲೂ ದಾವಣಗೆರೆಯಿಂದಲೂ ಬಸ್ಸಿದೆ. ಒಬ್ಬರೇ ಆಡುವವರಿಗೆ ನಾನು ಹೇಳುವುದಿಲ್ಲ, ಜೊತೆಯಿಲ್ಲದೆ ಗಾಳಿಗೆ ಕೈ ಬೀಸುವುದು ಬೇಗ ಬೇಸರ ತರುತ್ತದೆ. ಮನೆಯಲ್ಲಿ ನಾಲ್ಕು ಜನ ಹೆಂಗಸರಿದ್ದು, ವಯಸ್ಸಾದವರಿದ್ದು, ಅವರು ಬಹಳ ವರ್ಷಗಳಿಂದ ಕೂತೇ ಇದ್ದರೆ, ಕೊಳ್ಳಿ. ಹಳೆಯದೇ ಸಾಕು. ಮೊದಲು ಬೌಲಿಂಗ್ ಹಾಕಿ, ಬಾಕ್ಸಿಂಗ್ ಆಮೇಲೆ. ಕುಣಿತದ ಚಾಪೆ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಕೆಳಗಿನ ಮನೆಯವರಿಗೆ ಹೇಳಿ. ರಿಮೋಟನ್ನು ಮೊದಲು ಅಮ್ಮನ ಕೈಗೆ ಕೊಡಿ. ಪಟ್ಟಿ ಕೆಟ್ಟಿದೆ ಎಂದು ಮಾರುವವನು ದರ ಇಳಿಸಿದರೆ ಖುಷಿಯಿಂದ ಒಪ್ಪಿಕೊಳ್ಳಿ, ಎರಡು ಮೇಣದಬತ್ತಿ ಸಾಕು. ಮಣಿಕಟ್ಟಿನ ದಾರ ಮಾತ್ರ ಗಟ್ಟಿ ಇದೆಯೇ ನೋಡಿಕೊಳ್ಳಿ. ಮೆಸ್ಸಿನವರ ಮೂರನೇ ದಿನದ ಆಟ ಮುಗಿದಾಗ ನಮ್ಮ ಟಿ.ವಿ.ಯ ಮೂಲೆಯಲ್ಲಿ ಒಂದು ಸಣ್ಣ ಬಿರುಕು ಬಿದ್ದಿತ್ತು.